ಖಾಲಿ ಟ್ಯೂಬಿನ ಪ್ರವಾಸ: ಕಾಡುಪ್ರಾಣಿಗಳ ರಕ್ತದಲ್ಲಿ ಹೊಸ ಬ್ಯಾಕ್ಟೀರಿಯಾ ಹುಡುಕುವ 45 ದಿನ

ಮುನ್ನಾದಿನ

ಪೆಟ್ಟಿಗೆಗೆ ಮೊದಲು ಹೋಗಬೇಕಾದದ್ದು ಬೋನೂ ಅಲ್ಲ, ಸೂಜಿಯೂ ಅಲ್ಲ, ಆರು ಖಾಲಿ ಟ್ಯೂಬ್. ರಕ್ತ ತೆಗೆಯುವ ದಿನಕ್ಕೊಂದರಂತೆ ಇವುಗಳಲ್ಲಿ ಒಂದರ ಮುಚ್ಚಳವನ್ನು ಅದೇ ಮೇಜಿನ ಮೇಲೆ, ಅದೇ ಕೈಗವಸಿನಲ್ಲಿ ತೆರೆದು, ರಕ್ತದ ಬದಲು ಸ್ಟೆರೈಲ್ ಸಲೈನ್ ಹಾಕಿ ಮುಚ್ಚುತ್ತಾರೆ. ಮುಂದೆ ರಕ್ತದ ಟ್ಯೂಬಿಗೆ ಏನೇನು ಮಾಡುತ್ತಾರೋ ಅದೆಲ್ಲವೂ ಇದಕ್ಕೂ ಆಗಬೇಕು. ‘ಹೊಸ ಬ್ಯಾಕ್ಟೀರಿಯಾ ಸಿಕ್ಕಿತು’ ಎಂಬ ಮಾತಿಗೆ ಕೊನೆಯಲ್ಲಿ ಸಾಕ್ಷಿ ಹೇಳುವುದು ಈ ಟ್ಯೂಬೇ. ಇಲಿಯ ರಕ್ತದಲ್ಲಿ ಕಂಡದ್ದು ಇದರಲ್ಲೂ ಕಂಡರೆ ಅದು ಇಲಿಯದ್ದಲ್ಲ; ಚರ್ಮದ್ದು, ಕೈಗವಸಿನದ್ದು ಅಥವಾ ಡಿಎನ್‌ಎ ಬೇರ್ಪಡಿಸುವ ಕಿಟ್ಟಿನದ್ದು.

ಅರಣ್ಯ ಇಲಾಖೆಯ ಅನುಮತಿ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಹೊರಡುವ ಮಾತೇ ಇಲ್ಲ. ಬಾವಲಿ ಮುಟ್ಟುವವರೆಲ್ಲರಿಗೂ ರೇಬಿಸ್ ಲಸಿಕೆ ಮೊದಲೇ ಆಗಿರಬೇಕು, ಕಚ್ಚಿಸಿಕೊಂಡ ಮೇಲೆ ನೋಡೋಣ ಎನ್ನುವಂತಿಲ್ಲ.

ಎಷ್ಟು ಪ್ರಾಣಿ ಬೇಕೆಂಬ ಲೆಕ್ಕವೂ ಇಂದೇ ಮುಗಿಯಲಿ. ನೂರಕ್ಕೆ 10 ಪ್ರಾಣಿಗಳಲ್ಲಿ ಸೋಂಕಿದ್ದರೆ, ಒಂದನ್ನಾದರೂ ಹಿಡಿಯುವ ಸಂಭವ ಶೇ. 95 ಆಗಲು 29 ಪ್ರಾಣಿ ಬೇಕು. ಸೋಂಕು ನೂರಕ್ಕೆ 5 ಆದರೆ 59. ಇದು ಒಂದೊಂದು ಜಾತಿಗೂ ಬೇರೆ ಬೇರೆ ಲೆಕ್ಕ. ಐದು ಜಾತಿಯ ಇಲಿ ಆರಾರು ಸಿಕ್ಕರೆ 30 ಆಯಿತು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಒಂದು ಪ್ರಾಣಿಗೆ ಒಂದೇ ಸಂಖ್ಯೆ. ರಕ್ತದ ಟ್ಯೂಬ್, ಸ್ಲೈಡ್, ಚಿಗಟದ ಶೀಸೆ, ಕಿವಿಯಂಚಿನ ತುಣುಕು, ಎಲ್ಲದಕ್ಕೂ ಅದೇ. ಸ್ಲೈಡಿನ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಮಾರ್ಕರ್ ಶಾಯಿ ಮೆಥನಾಲ್‌ನಲ್ಲಿ ಅದ್ದಿದ ಕೂಡಲೇ ಮಾಯ. ಆಲ್ಕೊಹಾಲ್ ಶೀಸೆಯ ಒಳಗೂ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದ ಕಾಗದದ ಚೂರು ಇರಬೇಕು.

1ನೇ ದಿನ

ಸಂಜೆಯ ಕೆಲಸ. ಸುಮಾರು 8×9×23 ಸೆಂಟಿಮೀಟರಿನ ಮಡಚುವ ಅಲ್ಯುಮಿನಿಯಂ ಬೋನು 50. ಹತ್ತು ಮೀಟರಿಗೊಂದರಂತೆ ಸಾಲು ಹಿಡಿದರೂ, ಬೋನು ಕೂರಬೇಕಾದದ್ದು ಟೇಪು ತೋರಿಸಿದ ಬಿಂದುವಿನಲ್ಲಲ್ಲ, ಅದಕ್ಕೆ ಹತ್ತಿರದ ಬಿದ್ದ ಮರದ ಪಕ್ಕ, ಬಂಡೆಯ ಬುಡದಲ್ಲಿ. ಇಲಿ ಬಯಲಲ್ಲಿ ನಡೆಯುವುದಿಲ್ಲ, ಅಂಚು ಹಿಡಿದು ಓಡುತ್ತದೆ. ಕಡಲೆಕಾಯಿ ಬೆಣ್ಣೆ ಕಲಸಿದ ಓಟ್ಸಿನ ಉಂಡೆ ಒಂದು, ಬೆಚ್ಚಗಿರಲು ಹಿಡಿ ಹತ್ತಿ. ಹತ್ತಿ ತುಳಿಹಲಗೆಯ ಕೆಳಗೆ ಸಿಕ್ಕಿಕೊಂಡರೆ ಬಾಗಿಲು ಬೀಳುವುದಿಲ್ಲ. ಬೆಳಿಗ್ಗೆ ತಿಂಡಿ ಖಾಲಿ, ಬೋನೂ ಖಾಲಿ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

2ನೇ ದಿನ

ಬಿಸಿಲೇರುವ ಮುಂಚೆ ಬೋನು ನೋಡಿ ಮುಗಿಸಬೇಕು. ಅಲ್ಯುಮಿನಿಯಂ ಡಬ್ಬಿ ಬಿಸಿಲಿನಲ್ಲಿ ಒಲೆಯಾಗುತ್ತದೆ. ಹಗಲಿಡೀ ಬೋನು ಮುಚ್ಚಿರಲಿ. ಪ್ರಾಣಿ ಬಿದ್ದ ಬೋನನ್ನು ತೊಳೆಯದೆ ಮತ್ತೆ ಇಡಬೇಡಿ. ನಿನ್ನೆಯ ಇಲಿಯ ಚಿಗಟ ಇಂದಿನ ಇಲಿಯ ಮೈಮೇಲೆ ಕೂತರೆ ಪರಾವಲಂಬಿಯ ಪಟ್ಟಿಯೇ ಸುಳ್ಳಾಗುತ್ತದೆ.

ಮೇಜು ತೆರೆದ ಗಾಳಿಯಲ್ಲಿ, ಕೆಲಸ ಮಾಡುವವರ ಬೆನ್ನಿಗೆ ಗಾಳಿ ಬೀಸುವಂತೆ. ಎರಡು ಪದರ ಕೈಗವಸು, ಎನ್95 ಮಾಸ್ಕ್. ಹುಡುಕುತ್ತಿರುವುದು ಬ್ಯಾಕ್ಟೀರಿಯಾ ಆದರೂ ಇಲಿಯ ಮೂತ್ರದಿಂದ ಗಾಳಿಗೇರುವ ಹ್ಯಾಂಟಾವೈರಸ್‌ಗೆ ಆ ವಿಷಯ ಗೊತ್ತಿಲ್ಲ.

ಚೀಲದಲ್ಲೇ ತೂಗಿ, ಐಸೊಫ್ಲುರೇನ್ ಅರಿವಳಿಕೆ ಕೊಟ್ಟ ಮೇಲೆ ಮೊದಲು ಬಾಚಣಿಗೆ. ಬಿಳಿ ತಟ್ಟೆಯ ಮೇಲೆ ಹಿಡಿದು ರೋಮದ ದಿಕ್ಕಿಗೆ ಎದುರಾಗಿ ಬಾಚಿದರೆ ಚಿಗಟ, ನುಸಿ, ಹೇನು ಉದುರುತ್ತವೆ. ಉಣ್ಣಿ ಕಿವಿಯಂಚಿನಲ್ಲಿ ಕಚ್ಚಿಕೊಂಡಿರುತ್ತದೆ, ಚಿಮಟ ಬೇಕು. ಎಲ್ಲವೂ ಆಲ್ಕೊಹಾಲಿಗೆ. ಮೈ ತಣ್ಣಗಾದರೆ ಚಿಗಟ ತಾನಾಗಿಯೇ ಹಾರಿಹೋಗುತ್ತದೆ, ಅದಕ್ಕೇ ಬಾಚಣಿಗೆ ಸೂಜಿಗಿಂತ ಮುಂಚೆ.

ಇನ್ನು ರಕ್ತ. ಸಣ್ಣ ಸಸ್ತನಿಯ ಒಟ್ಟು ರಕ್ತ ದೇಹತೂಕದ ಶೇ. 6ರಿಂದ 8. ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಅಂದರೆ 20 ಗ್ರಾಂ ಇಲಿಯಿಂದ 0.15 ಮಿಲಿಲೀಟರ್ ಸುತ್ತಮುತ್ತ, ಮೂರ್ನಾಲ್ಕು ಹನಿ. ಬಾಲದ ಪಕ್ಕದ ರಕ್ತನಾಳ ಅಥವಾ ಹಿಂಗಾಲಿನ ಸಫೀನಸ್ ನಾಳ ಸಾಕು.

ಈ ಮೂರ್ನಾಲ್ಕು ಹನಿಯಲ್ಲೇ ಇಡೀ ಪ್ರವಾಸ ಗೆಲ್ಲುವುದು, ಸೋಲುವುದು. ಚರ್ಮವನ್ನು ಶೇ. 70ರ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಒಣಗುವ ಹೊತ್ತಿನಲ್ಲೇ ಅದು ಕ್ರಿಮಿ ಕೊಲ್ಲುವುದು. ಒದ್ದೆಯಿದ್ದಾಗ ಚುಚ್ಚಿದರೆ ಚರ್ಮದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತವೆ, ಜೊತೆಗೆ ಆಲ್ಕೊಹಾಲ್ ತಾಗಿ ಕೆಂಪು ರಕ್ತಕಣ ಒಡೆಯುತ್ತದೆ. ಮೊದಲ ಹನಿಯನ್ನು ಸ್ಟೆರೈಲ್ ಗಾಜ್ ಬಟ್ಟೆಯಲ್ಲಿ ಒರೆಸಿ ಎಸೆಯಿರಿ. ಅಷ್ಟು ಕಷ್ಟಪಟ್ಟು ಹಿಡಿದ ಪ್ರಾಣಿಯ ಮೊದಲ ಹನಿ ಎಸೆಯಲು ಹೊಸಬರಿಗೆ ಮನಸ್ಸಾಗುವುದಿಲ್ಲ. ಆದರೆ ಆ ಹನಿಯಲ್ಲಿ ಇರುವುದು ಅರ್ಧ ರಕ್ತ, ಅರ್ಧ ಚರ್ಮ.

ಎರಡನೇ ಹನಿ ನೇರ ಸ್ಲೈಡಿಗೆ, ರಕ್ತ ಗರಣೆಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕ ಮುಟ್ಟುವ ಮೊದಲೇ. ಹೀಮೊಪ್ಲಾಸ್ಮಾ ಎಂದು ಕರೆಯುವ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾಗಳು ಕೆಂಪು ರಕ್ತಕಣದ ಹೊರಮೈಗೆ ಅಂಟಿಕೊಂಡಿರುತ್ತವೆ. ಇಡಿಟಿಎಯಲ್ಲಿ ನಿಂತ ರಕ್ತದಲ್ಲಿ ಅವು ಕಳಚಿ ಬೀಳುತ್ತವೆ, ಆಮೇಲೆ ಸ್ಲೈಡಿನಲ್ಲಿ ಧೂಳಿನ ಕಣಕ್ಕೂ ಅದಕ್ಕೂ ವ್ಯತ್ಯಾಸ ಹೇಳಲಾಗದು. ಉಳಿದ ರಕ್ತ ಇಡಿಟಿಎ ಟ್ಯೂಬಿಗೆ. ಗರಣೆ ತಡೆಯುವ ಇನ್ನೊಂದು ವಸ್ತು ಹೆಪಾರಿನ್ ಬೇಡ, ಅದು ಪಿಸಿಆರ್ ಅನ್ನು, ಅಂದರೆ ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿ ಮಾಡುವ ಕ್ರಿಯೆಯನ್ನು, ತಡೆಯುತ್ತದೆ. ಇಡಿಟಿಎಯೂ ಅತಿಯಾದರೆ ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಂ ಕಟ್ಟಿಹಾಕುತ್ತದೆ, 0.5 ಮಿಲಿಲೀಟರಿನ ಟ್ಯೂಬಿಗೆ 0.1 ಮಾತ್ರ ಹಾಕಿದರೆ ಆಗುವ ಎಡವಟ್ಟು ಇದೇ. ಅಳತೆಗೆ ತಕ್ಕ ಚಿಕ್ಕ ಟ್ಯೂಬ್ ತನ್ನಿ. ತುಂಬಿದ್ದನ್ನು ಎರಡು ಭಾಗ ಮಾಡಿ, ಒಂದು ಡಿಎನ್‌ಎಗೆ, ಒಂದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು. ಕಲ್ಚರ್ ಟ್ಯೂಬಿನ ಮುಚ್ಚಳ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಲ್ಯಾಬಿನಲ್ಲೇ.

ಕೊನೆಯ ಪ್ರಾಣಿ ಎಚ್ಚರಗೊಂಡು ಹಿಡಿದ ಜಾಗದಲ್ಲೇ ಬಿಡುಗಡೆಯಾದ ಮೇಲೆ, ಮೇಜು ಒರೆಸುವ ಮುಂಚೆ, ಮೊದಲ ಖಾಲಿ ಟ್ಯೂಬ್ ತೆರೆಯುವ ಸಮಯ. ಮೇಜು ಕೊಳೆಯಾಗಿರುವಾಗಲೇ ತೆರೆಯಬೇಕು. ಸ್ವಚ್ಛ ಮಾಡಿ ತೆರೆದರೆ ಅದು ಸಾಕ್ಷಿಯಲ್ಲ, ಹೊಗಳುಭಟ.

3ನೇ ದಿನ, ರಾತ್ರಿ

ಬಾವಲಿಯ ಸರದಿ. ತೆಳು ನೂಲಿನ ಮಿಸ್ಟ್ ಬಲೆ ನೀರಿನ ಮೇಲೆ ಅಥವಾ ಕಾಲುದಾರಿಗೆ ಅಡ್ಡಲಾಗಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡದಿದ್ದರೆ ಬಾವಲಿ ಬಲೆಯನ್ನು ಕಚ್ಚಿ ಹರಿಯುತ್ತದೆ, ಇಲ್ಲವೇ ತಾನೇ ಸುತ್ತಿಕೊಂಡು ರೆಕ್ಕೆ ಹರಿದುಕೊಳ್ಳುತ್ತದೆ. ಒಂದು ಬಟ್ಟೆಚೀಲಕ್ಕೆ ಒಂದೇ ಬಾವಲಿ, ಪ್ರತಿ ಬಾವಲಿಗೂ ಒಗೆದ ಚೀಲ. ಬಸುರಿ, ಹಾಲೂಡಿಸುವ ಹೆಣ್ಣು ಬಿದ್ದರೆ ಅಲ್ಲೇ ಬಿಟ್ಟುಬಿಡಿ.

ಹತ್ತು ಗ್ರಾಂ ಬಾವಲಿಗೆ 0.07 ಮಿಲಿಲೀಟರ್ ಎಂದರೆ ಗರಿಷ್ಠ ಎಂದೇ ತಿಳಿಯಿರಿ. ರೆಕ್ಕೆಯ ಮುಂಪೊರೆಯ ಅಂಚಿನ ನಾಳವನ್ನು 27 ಗೇಜ್ ಸೂಜಿಯಿಂದ ಚುಚ್ಚಿ, ಉಬ್ಬಿದ ಹನಿಯನ್ನು ಇಡಿಟಿಎ ಲೇಪದ ಕ್ಯಾಪಿಲರಿ ಎಂಬ ಸಣ್ಣ ನಳಿಕೆಗೆ ಹೀರಿಕೊಳ್ಳಬೇಕು. ಅಂಗಡಿಯಲ್ಲಿ ಕೈಗೆ ಮೊದಲು ಸಿಗುವ ಕ್ಯಾಪಿಲರಿ ಹೆಪಾರಿನ್ ಲೇಪದ್ದು, ಖರೀದಿಸುವಾಗ ಗಮನಿಸಿ. ನಾಳದ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದು, ರಕ್ತ ನಿಂತಿದ್ದು ಖಚಿತವಾದ ಮೇಲೆ ಗ್ಲೂಕೋಸ್ ನೀರು ಕುಡಿಸಿ ಹಾರಿಬಿಡಿ.

ಬಾವಲಿ ನೊಣವನ್ನು ತಪ್ಪಿಸಿಕೊಳ್ಳಬೇಡಿ. ಕೆಲವಕ್ಕೆ ರೆಕ್ಕೆಯೇ ಇಲ್ಲ, ಜೇಡದಂತೆ ರೋಮದೊಳಗೆ ಓಡುತ್ತದೆ. ಇವು ಕೆಂಪು ರಕ್ತಕಣದೊಳಗೆ ವಾಸಿಸುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೊತ್ತು ತಿರುಗುವುದು ಹಲವು ಕಡೆ ಕಂಡುಬಂದಿದೆ. ಈ ಗುಂಪಿನ ಒಂದು ಕಥೆ ಇಲ್ಲಿ ಹೇಳಲೇಬೇಕು. ಬಾರ್ಟೊನೆಲ್ಲಾ ಮಾಯೊಟಿಮೊನೆನ್ಸಿಸ್ ಎಂಬುದನ್ನು 2010ರಲ್ಲಿ ಮೊದಲು ವರ್ಣಿಸಿದ್ದು ಅಮೆರಿಕದ ಒಬ್ಬ ರೋಗಿಯ ಹೃದಯದ ಕವಾಟದಿಂದ. ಅದು ಎಲ್ಲಿಂದ ಬಂತೆಂಬುದಕ್ಕೆ ಸುಳಿವು ಸಿಕ್ಕಿದ್ದು 2014ರಲ್ಲಿ, ಫಿನ್ಲೆಂಡಿನ ಬಾವಲಿಗಳ ರಕ್ತದಲ್ಲಿ. ಕಾಡುಪ್ರಾಣಿಯ ರಕ್ತ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

4ನೇ ದಿನ

ಬೆಳಿಗ್ಗೆ ಮತ್ತೆ ಇಲಿ, ಮಧ್ಯಾಹ್ನ ಸೂಕ್ಷ್ಮದರ್ಶಕ. ಸ್ಮಿಯರ್‌ಗಳನ್ನು, ಅಂದರೆ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತವನ್ನು, ಎಳೆದ ದಿನವೇ ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ ಅದ್ದಿರಬೇಕು. ತೇವದ ಕಾಡಿನಲ್ಲಿ ಮರುದಿನಕ್ಕೆ ಬಿಟ್ಟರೆ ಕೆಂಪು ಕಣಗಳ ಮಧ್ಯೆ ನೀರಿನ ಗುಳ್ಳೆಗಳ ಹೊಳಪು ಉಳಿದು ಒಳಗೇನೋ ಇದ್ದಂತೆ ಕಾಣುತ್ತದೆ. ಗೀಮ್ಸಾ ಬಣ್ಣ ಶೇ. 10, ಪಿಎಚ್ 7.2ರ ಬಫರ್‌ನಲ್ಲಿ, 20ರಿಂದ 30 ನಿಮಿಷ. ಬಣ್ಣವನ್ನು ಪ್ರತಿ ಸಲವೂ ಹೊಸದಾಗಿ ಕಲಸಿ. ಹಳೆಯ ಬಣ್ಣ ಚರಟಗಟ್ಟಿ ಉದುರುವ ಕಣಗಳೇ ಅನೇಕ ‘ಹೊಸ ಜೀವಿ’ಗಳ ಮೂಲ. ಗುರುತು ಸುಲಭ: ಫೋಕಸ್ ಸ್ವಲ್ಪ ಮೇಲಕ್ಕೆ ತಿರುಗಿಸಿದಾಗ ಆ ಕಣ ಮಾತ್ರ ಸ್ಪಷ್ಟವಾಗಿ, ಕೆಂಪು ಕಣ ಮಸುಕಾದರೆ ಅದು ಬಣ್ಣದ ಚರಟ.

ಕೆಂಪು ಕಣದ ಮೇಲೆ ಕೂತ ಪ್ಲೇಟ್‌ಲೆಟ್, ಮರಿಕಣದಲ್ಲಿ ಉಳಿದ ನ್ಯೂಕ್ಲಿಯಸ್ಸಿನ ಚುಕ್ಕೆ, ಇವೂ ಮೋಸ ಮಾಡುತ್ತವೆ. ಹೀಮೊಪ್ಲಾಸ್ಮಾ ಅಂಚಿನಲ್ಲಿ ಸರಪಳಿಯಂತೆ ಸಾಲುಗಟ್ಟಿದ ನೀಲಿ ಚುಕ್ಕೆಗಳು. ಅನಾಪ್ಲಾಸ್ಮಾ ಬಳಗದ ಕೆಲವು ಬಿಳಿ ರಕ್ತಕಣದೊಳಗೆ ಮಲ್ಬರಿ ಹಣ್ಣಿನಂಥ ಗೊಂಚಲು. ಬೊರೇಲಿಯಾ ಕಣಗಳ ನಡುವೆ ಸುರುಳಿ ದಾರ. ಬಾರ್ಟೊನೆಲ್ಲಾ ಎಷ್ಟು ಸಣ್ಣದೆಂದರೆ ಸ್ಮಿಯರ್‌ನಲ್ಲಿ ಕಾಣುವುದೇ ಅಪರೂಪ. ಆದ್ದರಿಂದ ಸ್ಲೈಡಿನಲ್ಲಿ ಏನೂ ಕಾಣದ ಪ್ರಾಣಿಯನ್ನು ಸೋಂಕಿಲ್ಲದ ಪಟ್ಟಿಗೆ ಸೇರಿಸಬೇಡಿ. ಸ್ಲೈಡಿನಿಂದ ಯಾವ ಗುಂಪು ಎಂದು ಊಹಿಸಬಹುದು, ಹೊಸದೋ ಹಳೆಯದೋ ಎಂದು ಖಂಡಿತ ಹೇಳಲಾಗದು.

5ನೇ ದಿನ

ಮಳೆ. ಬೋನು ಮುಚ್ಚಿಯೇ ಇರಲಿ, ನೆನೆದ ಇಲಿ ಚಳಿಗೆ ಬೆಳಗಿನೊಳಗೆ ಸಾಯುತ್ತದೆ. ಪಟ್ಟಿ ತಾಳೆ ನೋಡುವ ದಿನ.

6ನೇ ದಿನ

ವಾಪಸು. ರಕ್ತದ ಪ್ರಯಾಣ, ದ್ರವ ಸಾರಜನಕ ಹೀರಿಕೊಂಡ ಡ್ರೈ ಶಿಪ್ಪರ್ ಎಂಬ ಡಬ್ಬಿಯಲ್ಲಿ. ಇಲ್ಲಿ ಚಳಿಗೆ ಮಂಜುಗಡ್ಡೆಯಂತೆ ಹೆಪ್ಪುಗಟ್ಟುವುದು ನಷ್ಟವಲ್ಲ, ಬಾರ್ಟೊನೆಲ್ಲಾ ಕೆಂಪು ರಕ್ತಕಣದ ಒಳಗಿರುವುದರಿಂದ ಹೆಪ್ಪುಗಟ್ಟಿ ಕರಗಿದಾಗ ಕಣ ಒಡೆದು ಅದು ಹೊರಬರುತ್ತದೆ, ತಟ್ಟೆಯ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಆದರೆ ಒಮ್ಮೆ ಮಾತ್ರ. ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಜೀವಂತ ಉಳಿಯುವವು ಕಡಿಮೆಯಾಗುತ್ತಾ ಹೋಗುತ್ತವೆ.

ಇನ್ನೊಂದು ಎಚ್ಚರಿಕೆ ಬಹಳ ಮಂದಿಗೆ ತಡವಾಗಿ ಗೊತ್ತಾಗುತ್ತದೆ. ಬಣ್ಣ ಹಾಕದ ಸ್ಮಿಯರ್‌ಗಳನ್ನು ಫಾರ್ಮಲಿನ್ ಡಬ್ಬಿಯ ಜೊತೆ ಒಂದೇ ಗಾಡಿಯಲ್ಲಿ ತರಬೇಡಿ. ಅದರ ಆವಿ ತಾಗಿದ ರಕ್ತ ಮತ್ತೆ ಸರಿಯಾಗಿ ಬಣ್ಣ ಹಿಡಿಯುವುದಿಲ್ಲ.

8ನೇ ದಿನ

ಸೇಫ್ಟಿ ಕ್ಯಾಬಿನೆಟ್ಟಿನೊಳಗೆ ಕಲ್ಚರ್. ಕರಗಿದ ರಕ್ತ 1 ಪಾಲಿಗೆ ಬ್ರೇನ್ ಹಾರ್ಟ್ ಇನ್‌ಫ್ಯೂಷನ್ ಎಂಬ ಪೋಷಕ ದ್ರವ 3 ಪಾಲು ಬೆರೆಸಿ, ಬೂಸ್ಟು ತಡೆಯಲು ಅದರಲ್ಲಿ ಆಂಫೊಟೆರಿಸಿನ್ ಬಿ. ಇದರಲ್ಲಿ 100 ಮೈಕ್ರೋಲೀಟರನ್ನು, ಶೇ. 5 ಮೊಲದ ರಕ್ತ ಸೇರಿಸಿದ ಹಾರ್ಟ್ ಇನ್‌ಫ್ಯೂಷನ್ ಅಗಾರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಹರಡಿ, 35 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಇಡುವುದು. ನಾಲ್ಕು ವಾರಕ್ಕೂ ಹೆಚ್ಚು ಇಡಬೇಕಾದ್ದರಿಂದ ಅಗಾರ್ ದಪ್ಪಗೆ ಸುರಿದಿರಲಿ. ತೆಳು ತಟ್ಟೆ ಎರಡನೇ ವಾರಕ್ಕೇ ಬಿರುಕು ಬಿಡುತ್ತದೆ. ಖಾಲಿ ಟ್ಯೂಬುಗಳ ಸಲೈನಿಗೂ ಒಂದೊಂದು ತಟ್ಟೆ.

ಮೂರು ದಿನದೊಳಗೆ ಎದ್ದು ಬಂದ ದಪ್ಪ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಡ್ಡೆಗಳು, ಹೆಚ್ಚುಕಡಿಮೆ ಎಲ್ಲವೂ ಚರ್ಮದವು. ಅವು ಎದ್ದ ತಟ್ಟೆಯ ಪ್ರಾಣಿಸಂಖ್ಯೆ ನೋಡಿ, ಆ ದಿನ ರಕ್ತ ತೆಗೆದವರ ಆಲ್ಕೊಹಾಲ್ ಒಣಗಿರಲಿಲ್ಲ.

12ನೇ ದಿನ

ಡಿಎನ್‌ಎ ಬೇರ್ಪಡಿಸುವುದು. ಸಸ್ತನಿಯ ಬಲಿತ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಅದೇ ನಮ್ಮ ಪುಣ್ಯ. ಆದರೂ ಒಂದೇ ಒಂದು ಬಿಳಿ ಕಣದಲ್ಲಿ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ಇದೆ. ಒಂದು ಬಾರ್ಟೊನೆಲ್ಲಾದಲ್ಲಿ 20 ಲಕ್ಷದ ಆಸುಪಾಸು. ಒಂದು ಬಿಳಿ ಕಣದ ತೂಕಕ್ಕೆ ಮೂರು ಸಾವಿರ ಬ್ಯಾಕ್ಟೀರಿಯಾ ಬೇಕು. ಹುಡುಕುತ್ತಿರುವುದು ಇಷ್ಟು ಕಡಿಮೆ ಇರುವಾಗ ಕಿಟ್ಟಿನಲ್ಲೇ ಇರುವ ಬ್ಯಾಕ್ಟೀರಿಯಾ ಡಿಎನ್‌ಎ ಸದ್ದು ಮಾಡತೊಡಗುತ್ತದೆ. ರಾಲ್‌ಸ್ಟೋನಿಯಾ, ಬ್ರಾಡಿರೈಜೋಬಿಯಂ, ಸ್ಫಿಂಗೊಮೊನಾಸ್, ಬರ್ಕ್‌ಹೋಲ್ಡೇರಿಯಾ, ಇವು ಕಿಟ್ಟಿನ ದ್ರಾವಣಗಳಲ್ಲಿ ಸಾಮಾನ್ಯ. ‘ಬಾವಲಿಯ ರಕ್ತದಲ್ಲಿ ಬ್ರಾಡಿರೈಜೋಬಿಯಂ’ ಎಂಬ ಫಲಿತಾಂಶ ಬಂದರೆ ಸಂಭ್ರಮಪಡುವ ಮೊದಲು ಕಿಟ್ಟಿನ ಖಾಲಿ, ಅಂದರೆ ರಕ್ತ ಹಾಕದೆ ಕಿಟ್ಟನ್ನಷ್ಟೇ ನಡೆಸಿದ ಟ್ಯೂಬ್, ನೋಡಿ.

24 ಗುಂಡಿಯ ಸೆಂಟ್ರಿಫ್ಯೂಜ್ ಆದರೆ 22 ರಕ್ತ, 1 ಕಾಡಿನಿಂದ ಬಂದ ಖಾಲಿ ಟ್ಯೂಬ್, 1 ಕಿಟ್ಟಿನ ಖಾಲಿ. ಕೊನೆಯ ತೊಳೆಯುವಿಕೆಯ ನಂತರ ಬರಿ ಕಾಲಮ್ ಅನ್ನು ಇನ್ನೊಮ್ಮೆ ತಿರುಗಿಸಿ, ಉಳಿದ ಆಲ್ಕೊಹಾಲ್ ಪಿಸಿಆರ್ ಕೆಡಿಸುತ್ತದೆ. ಹೊರಬಂದ ದ್ರಾವಣ ಕಂದುಬಣ್ಣದಲ್ಲಿದ್ದರೆ ಹೀಮೋಗ್ಲೋಬಿನ್ ಉಳಿದಿದೆ, ಇನ್ನೊಮ್ಮೆ ಶುದ್ಧ ಮಾಡಬೇಕು.

13ನೇ ದಿನ

ಪಿಸಿಆರ್. ಮಿಶ್ರಣ ಒಂದು ಕೋಣೆಯಲ್ಲಿ, ಡಿಎನ್‌ಎ ಸೇರಿಸುವುದು ಇನ್ನೊಂದರಲ್ಲಿ, ಫಲಿತಾಂಶ ಪಟ್ಟಿಯಾಗಿ ಕಾಣುವ ಜೆಲ್ ಮೂರನೆಯದರಲ್ಲಿ. ನಡೆದಾಟ ಒಂದೇ ದಿಕ್ಕಿಗೆ. ಜೆಲ್ ಕೋಣೆಯ ಪೆನ್ನೂ ಹಿಂದಕ್ಕೆ ಬರಬಾರದು. 25 ಮೈಕ್ರೋಲೀಟರಿನಲ್ಲಿ 12.5 ಮಾಸ್ಟರ್ ಮಿಕ್ಸ್, ಪ್ರತಿ ಮಾಡಬೇಕಾದ ಜೀನನ್ನು ಗುರುತಿಸುವ ಚಿಕ್ಕ ಡಿಎನ್‌ಎ ಜೋಡಿ, ಅಂದರೆ 10 ಮೈಕ್ರೋಮೋಲಾರ್ ಪ್ರೈಮರ್ ತಲಾ 1, ಡಿಎನ್‌ಎ 2, ಉಳಿದದ್ದು ನೀರು.

ಮೊದಲ ಪಿಸಿಆರ್ ಬ್ಯಾಕ್ಟೀರಿಯಾದ್ದಲ್ಲ, ಪ್ರಾಣಿಯದು: ಸೈಟೊಕ್ರೋಮ್ ಬಿ ಜೀನ್. ಅದು ಬಂದರೆ ಡಿಎನ್‌ಎ ಚೆನ್ನಾಗಿದೆ ಎಂದಾಯಿತು, ಇಲಿಯ ಜಾತಿಯೂ ಖಚಿತವಾಯಿತು. ಬರದಿದ್ದರೆ ಅದೇ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ನಡೆಸಿ. ತೆಳು ಮಾಡಿದಾಗ ಬಂದರೆ ತೊಂದರೆ ಹೀಮೋಗ್ಲೋಬಿನ್ನಿನಂಥ ಉಳಿಕೆಯದು.

ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನಿನ ಪ್ರೈಮರ್ ರಕ್ತದಲ್ಲಿ ಎಷ್ಟೋ ಸಲ ಪ್ರಾಣಿಯ ಮೈಟೊಕಾಂಡ್ರಿಯವನ್ನೇ ಹಿಡಿದು ತರುತ್ತದೆ. ಮೈಟೊಕಾಂಡ್ರಿಯವೂ ಬ್ಯಾಕ್ಟೀರಿಯಾ ವಂಶದ್ದೇ ತಾನೆ. ಹಾಗಾಗಿ ಗುಂಪಿಗೊಂದು ಪ್ರೈಮರ್ ಜೋಡಿ ಒಳ್ಳೆಯದು: ಬಾರ್ಟೊನೆಲ್ಲಾಕ್ಕೆ ಜಿಎಲ್‌ಟಿಎ ಎಂಬ ಜೀನ್, ಹೀಮೊಪ್ಲಾಸ್ಮಾಕ್ಕೆ ಅದರದೇ 16ಎಸ್ ಮತ್ತು ಆರ್‌ಎನ್‌ಪಿಬಿ ಜೀನ್. ಪಿಸಿಆರ್ ಕೆಲಸ ಮಾಡಿದೆ ಎಂದು ತೋರಿಸುವ ಪಾಸಿಟಿವ್ ಕಂಟ್ರೋಲ್‌ಗೆ, ಬೇಕೆಂದೇ ಒಂದೆರಡು ಅಕ್ಷರ ಬದಲಿಸಿದ ಕೃತಕ ಡಿಎನ್‌ಎ ಇಡಿ. ಅದು ಎಲ್ಲಾದರೂ ಚೆಲ್ಲಿ ರಕ್ತದ ಟ್ಯೂಬಿಗೆ ಸೇರಿದರೆ ಅಕ್ಷರ ಓದಿದ ದಿನವೇ ಸಿಕ್ಕಿಬೀಳುತ್ತದೆ.

16ರಿಂದ 19ನೇ ದಿನ

ಪಿಸಿಆರ್ ತುಣುಕುಗಳನ್ನು ಯಂತ್ರ ಓದಿದ ಡಿಎನ್‌ಎ ಅಕ್ಷರಗಳು ಬಂದವು. ಹೋಲಿಕೆ ಹುಡುಕುವ ಮೊದಲು ಯಂತ್ರ ಬರೆದ, ಅಕ್ಷರಕ್ಕೊಂದು ಶಿಖರವಿರುವ ಅಲೆಗಳನ್ನು ಕಣ್ಣಾರೆ ನೋಡಬೇಕು. ಒಂದೇ ಜಾಗದಲ್ಲಿ ಎರಡು ಶಿಖರ ಉದ್ದಕ್ಕೂ ಇದ್ದರೆ ಎರಡು ಬಾರ್ಟೊನೆಲ್ಲಾ ಒಂದೇ ಇಲಿಯಲ್ಲಿವೆ, ಇಲಿಗಳಲ್ಲಿ ಇದು ಮಾಮೂಲು. ಸಾಫ್ಟ್‌ವೇರ್ ಪ್ರತಿ ಜಾಗದಲ್ಲೂ ಎತ್ತರದ ಶಿಖರ ಆರಿಸಿ ಇಬ್ಬರನ್ನೂ ಬೆರೆಸಿ, ಲೋಕದಲ್ಲೇ ಇಲ್ಲದ ಮೂರನೆಯದೊಂದನ್ನು ಹೆತ್ತುಕೊಡುತ್ತದೆ. ಅದು ಖಂಡಿತ ‘ಹೊಸದು’ ಎಂದೇ ಕಾಣುತ್ತದೆ! ಇಂಥದ್ದಕ್ಕೆ ಕ್ಲೋನಿಂಗ್ ಮಾಡಿ ಎರಡನ್ನೂ ಬೇರ್ಪಡಿಸಬೇಕು, ಇಲ್ಲವೇ ತಟ್ಟೆಯ ಒಂಟಿ ಕಾಲೊನಿಗೆ ಕಾಯಬೇಕು.

ಜಿಎಲ್‌ಟಿಎ ಪ್ರೋಟೀನ್ ಬರೆಯುವ ಜೀನ್. ಆದ್ದರಿಂದ ಅನುವಾದಿಸಿ ನೋಡಿ: ಮಧ್ಯೆ ಸ್ಟಾಪ್ ಕೋಡಾನ್, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಎನ್ನುವ ಮೂರಕ್ಷರದ ಗುರುತು, ಬಂದರೆ, ಅಥವಾ ಒಂದು ಅಕ್ಷರ ಹೆಚ್ಚು ಕಡಿಮೆಯಾಗಿ ಮುಂದಿನದೆಲ್ಲ ಕದಡಿದರೆ ಓದಿದ್ದು ತಪ್ಪು. ನಿಜವಾದ ವ್ಯತ್ಯಾಸಗಳು ಬಹುಪಾಲು ಕೋಡಾನ್‌ನ ಮೂರನೇ ಅಕ್ಷರದಲ್ಲಿರುತ್ತವೆ, ಎರಡೂ ದಿಕ್ಕಿನ ಓದಿನಲ್ಲೂ ಕಾಣುತ್ತವೆ.

ಬಾರ್ಟೊನೆಲ್ಲಾಕ್ಕೆ 2003ರಿಂದ ಬಳಕೆಯಲ್ಲಿರುವ ಗೆರೆ ಇದು: ಜಿಎಲ್‌ಟಿಎಯ 327 ಅಕ್ಷರಗಳ ತುಣುಕಿನಲ್ಲಿ ಹೋಲಿಕೆ ಶೇ. 96.0ಕ್ಕಿಂತ ಕಡಿಮೆ, ಆರ್‌ಪಿಓಬಿ ಎಂಬ ಇನ್ನೊಂದು ಜೀನಿನ 825 ಅಕ್ಷರಗಳಲ್ಲಿ ಶೇ. 95.4ಕ್ಕಿಂತ ಕಡಿಮೆ ಇದ್ದರೆ ಬೇರೆ ಪ್ರಭೇದವೆಂದು ಪರಿಗಣಿಸಬಹುದು. ಲೆಕ್ಕಕ್ಕೆ ಇಳಿಸಿದರೆ ಮೊದಲನೆಯದರಲ್ಲಿ 14, ಎರಡನೆಯದರಲ್ಲಿ 38 ಅಕ್ಷರ ಬೇರೆ ಇರಬೇಕು. 13 ಸಾಲದು. ಹೋಲಿಸಬೇಕಾದದ್ದು ಹೆಸರಿಟ್ಟ ಪ್ರಭೇದಗಳ ಟೈಪ್ ತಳಿಗಳ, ಅಂದರೆ ಆ ಹೆಸರಿಗೆ ಅಧಿಕೃತ ಮಾದರಿಯಾದ ತಳಿಗಳ, ಜೊತೆ. ಡೇಟಾಬೇಸಿನ ಮೊದಲ ಸಾಲಿನಲ್ಲಿ ಬರುವ ಹೆಸರಿಲ್ಲದ ತುಣುಕಿನ ಜೊತೆ ಹೋಲಿಸಿ ತೀರ್ಮಾನಕ್ಕೆ ಬರುವುದು ದೊಡ್ಡ ತಪ್ಪು. 16ಎಸ್ ಇಲ್ಲಿ ಕೆಲಸಕ್ಕೆ ಬಾರದು. ಬಾರ್ಟೊನೆಲ್ಲಾ ಪ್ರಭೇದಗಳ ನಡುವೆ ಅದು ತೀರಾ ಒಂದೇ ಥರ.

ವಂಶವೃಕ್ಷವನ್ನು ಒಂದೊಂದು ಜೀನ್‌ಗೂ ಬೇರೆಬೇರೆಯಾಗಿ ಕಟ್ಟಿ ನೋಡಿ, ಆಮೇಲೆ ಜೋಡಿಸಿ. ಬಾರ್ಟೊನೆಲ್ಲಾಗಳು ಪರಸ್ಪರ ಡಿಎನ್‌ಎ ಕೊಟ್ಟು ತೆಗೆದುಕೊಳ್ಳುತ್ತವೆ. ಜಿಎಲ್‌ಟಿಎ ಒಂದು ಕೊಂಬೆಗೆ, ಆರ್‌ಪಿಓಬಿ ಇನ್ನೊಂದಕ್ಕೆ ಕೂತರೆ ಜೀನ್ ಅದಲುಬದಲಾಗಿದೆ ಅಥವಾ ಎರಡು ಸೋಂಕು ಬೆರೆತಿವೆ. ಎರಡಕ್ಕೂ ‘ಹೊಸ ಪ್ರಭೇದ’ ಎಂಬ ಹೆಸರು ಒಪ್ಪುವುದಿಲ್ಲ.

ಖಾಲಿ ಟ್ಯೂಬುಗಳ ಸಾಲಿನಲ್ಲಿ ಜೆಲ್ ಕಪ್ಪಾಗಿಯೇ ಇರಬೇಕು. ಮಸುಕು ಪಟ್ಟಿ ಕಂಡರೂ ಅದನ್ನು ಕತ್ತರಿಸಿ ಓದಿಸಿ. ‘ತುಂಬಾ ಮಸುಕು, ಬಿಡಿ’ ಎನ್ನುವುದು ಆ ದಿನದ ಎಲ್ಲ ಪ್ರಾಣಿಗಳನ್ನೂ ಪಣಕ್ಕಿಟ್ಟಂತೆ.

22ನೇ ದಿನ

ತಟ್ಟೆ ಮೇಲೆ ಸಾಸಿವೆಗಿಂತ ಚಿಕ್ಕ, ಬೂದುಬಿಳಿ ಕಾಲೊನಿ. ಕೆಲವು ಅಗಾರ್‌ಗೆ ಕಚ್ಚಿಕೊಂಡು, ತಂತಿಯ ಲೂಪ್ ತಾಗಿಸಿದರೆ ಇಡಿಯಾಗಿ ಜಾರುತ್ತವೆ. ಒಂದೊಂದನ್ನೇ ಎತ್ತಿ ಹೊಸ ತಟ್ಟೆಗೆ, ಹಾಗೆ ಮೂರು ಸಲ. ಎರಡು ಸೋಂಕಿನ ಅನುಮಾನವಿದ್ದ ಇಲಿಯಿಂದ ಕನಿಷ್ಠ ಐದಾರು ಕಾಲೊನಿ ಎತ್ತಿ. ಶುದ್ಧವಾದದ್ದು ಗ್ಲಿಸರಾಲ್ ಸೇರಿಸಿ ಮೈನಸ್ 80ಕ್ಕೆ, ಒಂದು ಪಾಲು ಪೂರ್ಣ ಜೀನೋಮ್ ಓದಲು. ಜೀನೋಮ್ ಹೋಲಿಕೆಯ ಸರಾಸರಿ ಶೇ. 95–96ರ ಕೆಳಗೆ ಬಂದರೆ ಪ್ರಭೇದ ಬೇರೆ ಎಂಬುದು ಈಗ ಬಹುತೇಕರು ಒಪ್ಪುವ ಗೆರೆ.

ಬೆಳೆಯದವುಗಳ ಪಾಡು ಬೇರೆ. ಹೀಮೊಪ್ಲಾಸ್ಮಾಕ್ಕೆ ಜೀವಕೋಶದ ಗೋಡೆಯೇ ಇಲ್ಲ, ಯಾವ ತಟ್ಟೆಯಲ್ಲೂ ಇನ್ನೂ ಬೆಳೆದಿಲ್ಲ. ನಿಯಮದ ಪ್ರಕಾರ ಹೆಸರು ಸಿಂಧುವಾಗಲು ಜೀವಂತ ಟೈಪ್ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಅದಾಗದವಕ್ಕೆ 1994ರಲ್ಲಿ ಪ್ರಸ್ತಾಪವಾದ ‘ಕ್ಯಾಂಡಿಡೇಟಸ್’ ಎಂಬ ತಾತ್ಕಾಲಿಕ ಬಿರುದು. ಜಪಾನಿನ ಮಿಕುರಾ ದ್ವೀಪದ ಕಾಡು ಇಲಿಗಳಿಂದ 2004ರಲ್ಲಿ ವರ್ಣಿತವಾದ ನಿಯೊಎರ್ಲಿಕಿಯಾ ಮಿಕುರೆನ್ಸಿಸ್ ಜೀವಕೋಶದ ಕಲ್ಚರ್‌ನಲ್ಲಿ ಬೆಳೆದದ್ದು 2019ರಲ್ಲಿ; ಅಲ್ಲಿಯವರೆಗೆ ಅದಕ್ಕೆ ಆ ಬಿರುದೇ ಗತಿ. 2022ರಲ್ಲಿ ಬಂದ ಸೀಕ್‌ಕೋಡ್ ಎಂಬ ಹೆಸರಿಡುವ ನಿಯಮಾವಳಿ ಜೀನೋಮನ್ನೇ ಟೈಪ್ ಎಂದು ಒಪ್ಪುತ್ತದೆ, ಆದರೆ ಒಂದೆರಡು ಜೀನ್‌ನ ತುಣುಕಿಗಲ್ಲ.

ಡಿಎನ್‌ಎ ಸಿಕ್ಕಿದ ಪ್ರಾಣಿ ಆ ಬ್ಯಾಕ್ಟೀರಿಯಾದ ಆಶ್ರಯದಾತ ಎಂದು ಬರೆಯಬೇಡಿ. ಒಂದು ಸಲ ಚಿಗಟ ಕಚ್ಚಿ ಬಂದಿರಬಹುದು. ಹಾಗೆಯೇ ಸಿಗದ ಪ್ರಾಣಿ ಸೋಂಕಿಲ್ಲದ್ದೂ ಅಲ್ಲ. ಲ್ಯಾಬಿನ ಹೆಗ್ಗಣಗಳಿಗೆ ಬಾರ್ಟೊನೆಲ್ಲಾ ಟ್ರೈಬೊಕೋರಮ್ ಚುಚ್ಚಿದಾಗ ಅದು ರಕ್ತದಲ್ಲಿ ಕಾಣಿಸಿಕೊಂಡದ್ದು ಸುಮಾರು 5ನೇ ದಿನ, ಹತ್ತು ವಾರದ ಹೊತ್ತಿಗೆ ಮರೆಯಾಯಿತು.

45ನೇ ದಿನ

ಏನೂ ಏಳದ ತಟ್ಟೆಗಳು ಆಟೊಕ್ಲೇವ್‌ಗೆ, 121 ಡಿಗ್ರಿ, 30 ನಿಮಿಷ. ಮಿಕ್ಕ ರಕ್ತ, ಡಿಎನ್‌ಎ, ಕಿವಿಯ ತುಣುಕು ಒಂದೇ ಸಂಖ್ಯೆಯಡಿ ಮೈನಸ್ 80ರ ಪೆಟ್ಟಿಗೆಗೆ. 81 ಗುಂಡಿಯ ಆ ಪೆಟ್ಟಿಗೆಯಲ್ಲಿ ಮೊದಲ ಸಾಲಿನ ಗುಂಡಿಗಳು ಕಾಡಿಗೆ ಹೋಗಿ ಬಂದ ಖಾಲಿ ಟ್ಯೂಬುಗಳಿಗೆ, ಮಳೆಯ ದಿನ ತೆರೆಯದೆ ಉಳಿದದ್ದೂ ಸೇರಿ.